ಮೋಟಾರು ಗಾಡಿಗೆ ಬಾವಲಿಯ ಕಿವಿ

ಭದ್ರಾವತಿಯ ನ್ಯೂಟೌನಿನಲ್ಲಿರುವ ನಮ್ಮ ಭಾವನವರ ಮನೆಯ ಅಂಗಳದಲ್ಲಿ ಕಳೆದ ಬೇಸಗೆಯಲ್ಲಿ ಒಂದು ಸಣ್ಣ ಅವಘಡ ನಡೆಯಿತು. ಅವರು ಹೊಸದಾಗಿ ಕೊಂಡ ವಿದ್ಯುತ್ ಕಾರು ಬೀದಿಗೆ ಮುಖಮಾಡಿ ನಿಂತಿತ್ತು. ಅದರ ಮುಂದೆ ಅಕ್ಕನ ಅತ್ತೆಯವರು ಚಾಪೆ ಹಾಸಿ, ಸಂಡಿಗೆ ಇಡುತ್ತ ಕುಳಿತಿದ್ದರು. ಭಾವನವರು ಪಕ್ಕದ ಬಾಗಿಲಿನಿಂದ ಬಂದವರೇ ಗಾಡಿಯನ್ನೇರಿ ಹೊರಟರು. ಪೆಟ್ರೋಲು ಗಾಡಿಯಾಗಿದ್ದರೆ ಅದರ ಗುರುಗುಟ್ಟುವಿಕೆಯೇ ಮುದುಕಿಯನ್ನು ಎಚ್ಚರಿಸುತ್ತಿತ್ತು. ಇದಾದರೋ ಸದ್ದಿಲ್ಲದೆ ಒಂದು ಮೊಳದಷ್ಟು ಮುಂದೆ ಸರಿಯಿತು. ಹಿಟ್ಟಿನ ತಪ್ಪಲೆ ಚಕ್ರಕ್ಕೆ ಸಿಕ್ಕಿ ಠಣ್ಣೆಂದಿತು. ಆ ಸದ್ದಿಗೆ ಭಾವನವರು ಬ್ರೇಕನ್ನು ತುಳಿದರು. ತಪ್ಪಲೆ ಚಪ್ಪಟೆಯಾದುದರ ಹೊರತು ಬೇರೆ ಕೇಡಾಗಲಿಲ್ಲ. ಆದರೆ ತಪ್ಪಲೆಯಿಲ್ಲದಿದ್ದರೆ ಏನಾಗುತ್ತಿತ್ತೆಂಬ ಆಲೋಚನೆ ಮನೆಯವರನ್ನು ಬಹುದಿನ ಬಿಡಲಿಲ್ಲ.

ಗಾಡಿಯ ಹಿಂಭಾಗದಲ್ಲಿ ಅಡ್ಡಿಯನ್ನು ಅರಿತು ಕೂಗುವ ಸೂಚಕಗಳು ಇದ್ದೇ ಇದ್ದವು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಕಾರುಗಳಿಗೆಲ್ಲ ಅವು ಕಡ್ಡಾಯವಾಗಿವೆ. ಮುಂಭಾಗಕ್ಕೆ ಅಂಥ ನಿಯಮವಿಲ್ಲ. ಕಣ್ಣು ಮುಂದೆಯೇ ಇರುವಾಗ ಮುಂದಕ್ಕೆ ಸೂಚಕವೇಕೆ ಎಂದು ಯಾರಿಗಾದರೂ ತೋರುವುದು ಸಹಜ. ಈ ತರ್ಕ ಎಷ್ಟು ಸರಿಯೆಂಬುದನ್ನು ಮೊದಲು ನೋಡೋಣ.

ಕಣ್ಣಿಗೆ ಕಾಣದ ನೆಲ

ಚಾಲಕನ ಕಣ್ಣು ನೆಲದಿಂದ 120 ಸೆಂ.ಮೀ. ಎತ್ತರದಲ್ಲಿದೆಯೆಂದೂ, ಗಾಡಿಯ ಮೂತಿಯ ಮೇಲಂಚು 90 ಸೆಂ.ಮೀ. ಎತ್ತರದಲ್ಲಿ, ಕಣ್ಣಿನಿಂದ 180 ಸೆಂ.ಮೀ. ಮುಂದೆ ಇದೆಯೆಂದೂ ಇಟ್ಟುಕೊಳ್ಳೋಣ. ಕಣ್ಣಿನಿಂದ ಹೊರಟು ಆ ಅಂಚನ್ನು ಸವರಿಹೋಗುವ ದೃಷ್ಟಿರೇಖೆ 180 ಸೆಂ.ಮೀ. ಸಾಗುವಷ್ಟರಲ್ಲಿ 30 ಸೆಂ.ಮೀ. ಇಳಿಯುತ್ತದೆ, ಅಂದರೆ ಆರಕ್ಕೆ ಒಂದರ ಇಳಿಜಾರು. ಅದೇ ಇಳಿಜಾರಿನಲ್ಲಿ ಉಳಿದ 90 ಸೆಂ.ಮೀ. ಇಳಿದು ನೆಲ ಮುಟ್ಟಲು ಅದು ಇನ್ನೂ 540 ಸೆಂ.ಮೀ. ಮುಂದೆ ಹೋಗಬೇಕು. ಹೀಗೆ ಮೂತಿಯಿಂದಾಚೆ ಐದು ಮೀಟರಿಗೂ ಮಿಗಿಲಾದ ನೆಲ ಚಾಲಕನಿಗೆ ಕಾಣುವುದೇ ಇಲ್ಲ. ಚಾಪೆಯ ಮೇಲೆ ಕುಳಿತವರ ತಲೆ ನೆಲದಿಂದ 75 ಸೆಂ.ಮೀ. ಎತ್ತರದಲ್ಲಿದ್ದರೆ, ಮೂತಿಯಿಂದ 90 ಸೆಂ.ಮೀ. ಒಳಗಿರುವಾಗ ಅವರು ಪೂರ್ತಿ ಮರೆಯಾಗುತ್ತಾರೆ. 60 ಸೆಂ.ಮೀ. ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕುಳಿತ ಮಗು 180 ಸೆಂ.ಮೀ. ದೂರದಲ್ಲಿದ್ದರೂ ಕಾಣದು. ಮುಂದೆ ಕಣ್ಣಿದ್ದರೂ ಮೂತಿಯ ಕೆಳಗೆ ಕುರುಡಿದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ವಿದ್ಯುತ್ ಗಾಡಿಯಲ್ಲಿ ಇದರೊಂದಿಗೆ ನಿಶ್ಶಬ್ದವೂ ಸೇರಿಕೊಳ್ಳುತ್ತದೆ. ಕಾಣದ ವಸ್ತು ಎಚ್ಚರಗೊಳ್ಳುವ ಅವಕಾಶವೂ ತಪ್ಪಿತು. ಈ ಕಾರಣದಿಂದಲೇ ಯೂರೋಪಿನಲ್ಲಿ 2019ರ ಜುಲೈ 1ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ಗಂಟೆಗೆ 20 ಕಿ.ಮೀ. ವೇಗದವರೆಗೆ ಕೃತಕವಾದ ಸದ್ದನ್ನು ಹೊರಡಿಸಬೇಕೆಂದು ವಿಧಿಸಿದ್ದಾರೆ.

ಕೂಗು ಮತ್ತು ಮರುಕೂಗು

ಭಾವನವರು ಮುಂಭಾಗಕ್ಕೂ ಸೂಚಕಗಳನ್ನು ಹಾಕಿಸಲು ನಿಶ್ಚಯಿಸಿ, ಅವು ಹೇಗೆ ಕೆಲಸಮಾಡುತ್ತವೆಂದು ನನ್ನನ್ನು ಕೇಳಿದರು. ಅವುಗಳ ತತ್ತ್ವ ಬಾವಲಿಗೆ ಮೊದಲೇ ತಿಳಿದಿದ್ದ ತತ್ತ್ವ. ಹಳೆಯ ಗುಡಿಗಳ ಕತ್ತಲೆಯಲ್ಲಿ ಹಾರಾಡಿ ಹುಳುಗಳನ್ನು ಹಿಡಿಯುವ ಸಣ್ಣ ಬಾವಲಿ ಕಣ್ಣನ್ನು ನಂಬಿದ ಪ್ರಾಣಿಯಲ್ಲ. ಇಟಲಿಯ ಸ್ಪಲ್ಲಾಂಜಾನಿ ಎಂಬ ವಿದ್ವಾಂಸ 18ನೆಯ ಶತಮಾನದ ಕೊನೆಯಲ್ಲಿ, ಕಣ್ಣು ಕಳೆದ ಬಾವಲಿಯೂ ಅಡ್ಡಿಗಳನ್ನು ತಪ್ಪಿಸಿ ಹಾರಬಲ್ಲುದೆಂದು ತೋರಿಸಿದ. ಕಿವಿ ಮುಚ್ಚಿದರೆ ಮಾತ್ರ ಅದು ದಿಕ್ಕುಗೆಡುತ್ತಿತ್ತು. ಆದರೆ ಬಾವಲಿಯ ಕೂಗು ಯಾರಿಗೂ ಕೇಳುತ್ತಿರಲಿಲ್ಲವಾದುದರಿಂದ ಈ ಒಗಟು ಬಿಡಿಸಲಾಗದೆ ಉಳಿಯಿತು. 1938ರಲ್ಲಿ ಅಮೆರಿಕದ ಪಿಯರ್ಸ್ ಮತ್ತು ಗ್ರಿಫಿನ್ ಎಂಬವರು ತಕ್ಕ ಉಪಕರಣದಿಂದ ಆ ಕೂಗನ್ನು ಹಿಡಿದರು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಗ್ರಹಿಸುತ್ತದೆ. ಅದಕ್ಕೂ ಮೇಲಿನದು ಶ್ರವಣಾತೀತ ಶಬ್ದ.

ಕಾರಿಗೆ ಹೊರಗಿನಿಂದ ಹಾಕಿಸುವ ಸೂಚಕಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 40,000 ಕಂಪನಗಳ ಶಬ್ದ ಬಳಕೆಯಲ್ಲಿದೆ. ಒಂದೊಂದು ಸೂಚಕವೂ ನಾಲ್ಕಾಣೆ ನಾಣ್ಯದಷ್ಟಗಲದ ಅಲ್ಯೂಮಿನಿಯಂ ಬಟ್ಟಲು. ಅದರ ತಳಕ್ಕೆ ಒಳಗಿನಿಂದ ವಿಶೇಷ ಪಿಂಗಾಣಿಯ ಬಿಲ್ಲೆಯೊಂದನ್ನು ಅಂಟಿಸಿರುತ್ತಾರೆ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದರು. ಇದಕ್ಕೆ ವಿಪರ್ಯಾಯವಾಗಿ, ವಿದ್ಯುತ್ತನ್ನು ಕೊಟ್ಟರೆ ಅವು ಹಿಗ್ಗಿ ಕುಗ್ಗುತ್ತವೆ. ಆದ್ದರಿಂದ ಒಂದೇ ಬಿಲ್ಲೆ ಬಾಯಿಯೂ ಹೌದು, ಕಿವಿಯೂ ಹೌದು. ವಿದ್ಯುತ್ತಿನ ಮಿಡಿತವನ್ನು ಕೊಟ್ಟಾಗ ಅದು ಕೂಗುತ್ತದೆ. ಮರಳಿಬಂದ ಪ್ರತಿಧ್ವನಿ ತಟ್ಟಿದಾಗ ವಿದ್ಯುತ್ತನ್ನು ಹುಟ್ಟಿಸಿ ತಿಳಿಸುತ್ತದೆ.

25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 346 ಮೀಟರು ಚಲಿಸುತ್ತದೆ. ಅಡ್ಡಿ ಒಂದು ಮೀಟರು ದೂರದಲ್ಲಿದ್ದರೆ ಶಬ್ದ ಹೋಗಿಬರುವ ದಾರಿ ಎರಡು ಮೀಟರು; ಹಿಡಿಯುವ ಕಾಲ ಸೆಕೆಂಡಿನ ಸಾವಿರದೊಂದಂಶದ 5.8ರಷ್ಟು. ಈ ಕಾಲವನ್ನು ಅಳೆದು ದೂರವನ್ನು ಲೆಕ್ಕಹಾಕುವ ಪುಟ್ಟ ಪೆಟ್ಟಿಗೆ ಗಾಡಿಯೊಳಗಿರುತ್ತದೆ. ದೂರ ಕಡಿಮೆಯಾದಂತೆಲ್ಲ ಅದು ಬೀಪ್ ಸದ್ದನ್ನು ಚುರುಕುಗೊಳಿಸುತ್ತದೆ. ಗಾಳಿಯ ಉಷ್ಣತೆ ಹೆಚ್ಚಿದರೆ ಶಬ್ದದ ವೇಗವೂ ಹೆಚ್ಚುತ್ತದೆ. 15 ಡಿಗ್ರಿಯ ಚಳಿಗಾಲದ ಬೆಳಗಿಗೂ 38 ಡಿಗ್ರಿಯ ಬೇಸಗೆಯ ಮಧ್ಯಾಹ್ನಕ್ಕೂ ವೇಗದಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸವುಂಟು. ಒಂದು ಮೀಟರಿನಲ್ಲಿ ಇದು ನಾಲ್ಕು ಸೆಂಟಿಮೀಟರಿನಷ್ಟಾದ್ದರಿಂದ ನಮ್ಮ ಕಾರ್ಯಕ್ಕೆ ಬಾಧಕವಲ್ಲ.

ಭದ್ರಾವತಿಯವರಿಗೆ ಈ ಉಪಾಯ ಹೊಸದಾಗಿ ತೋರಬಾರದು. 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಊರು ಅದು. ಉಕ್ಕಿನ ದಿಮ್ಮಿಯನ್ನು ಒಡೆಯದೆ ಒಳಗಿನ ಬಿರುಕನ್ನು ಅರಿಯಲು ಉಕ್ಕಿನ ಉದ್ಯಮದಲ್ಲಿ ಬಳಸುವುದು ಇದೇ ಶ್ರವಣಾತೀತ ಪ್ರತಿಧ್ವನಿಯನ್ನು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರು, ಎಂದರೆ ಗಾಳಿಯಲ್ಲಿನದರ ಹದಿನೇಳರಷ್ಟು ವೇಗದಲ್ಲಿ, ಸಾಗುತ್ತದೆ. ಕಂಪನಗಳೂ ಸೆಕೆಂಡಿಗೆ ಹತ್ತಾರು ಲಕ್ಷಗಳಾಗಿರುತ್ತವೆ. ತತ್ತ್ವ ಮಾತ್ರ ಒಂದೇ.

ತಂತಿಯ ತೊಡಕು

ಶಿವಮೊಗ್ಗದ ಅಂಗಡಿಯೊಂದರಲ್ಲಿ ಗಾಡಿಯ ಮುಂದಿನ ಬಂಪರಿಗೆ ನಾಲ್ಕು ತೂತುಗಳನ್ನು ಕೊರೆದು, ನೆಲದಿಂದ 50 ಸೆಂ.ಮೀ. ಎತ್ತರದಲ್ಲಿ ಸೂಚಕಗಳನ್ನು ಕೂರಿಸಿದರು. ಕೊರೆಯುವ ಮುನ್ನ ಬಂಪರಿನ ಹಿಂದೆ ಏನಿದೆಯೆಂದು ನೋಡುವುದು ಅವಶ್ಯಕ. ಲೋಹದ ತೊಲೆ, ಅಪಘಾತವನ್ನರಿಯುವ ಸಾಧನ, ಕೆಲವು ಗಾಡಿಗಳಲ್ಲಿ ರೇಡಾರು, ಇವೆಲ್ಲ ಅಲ್ಲಿಯೇ ಅಡಗಿರುತ್ತವೆ. ವಿದ್ಯುತ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮುಟ್ಟಲೇಬಾರದು; ಅವುಗಳಲ್ಲಿ ಹರಿಯುವುದು ಸಾಮಾನ್ಯವಾಗಿ 300–400 ವೋಲ್ಟುಗಳ ಪ್ರಾಣಾಂತಕ ವಿದ್ಯುತ್ತು. ದೀಪ, ಹಾರನ್ನುಗಳಿಗಾಗಿ ಬೇರೆಯೇ ಒಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ಸೂಚಕಗಳಿಗೆ ಬೇಕಾದುದು ಅದರಿಂದ ಕೆಲವೇ ವ್ಯಾಟುಗಳು.

ಮುಖ್ಯ ಪ್ರಶ್ನೆಯೆಂದರೆ, ಸೂಚಕ ಎಚ್ಚರಗೊಳ್ಳಬೇಕಾದುದು ಯಾವಾಗ? ಹಿಂಭಾಗದಲ್ಲಿ ಉತ್ತರ ಸುಲಭ: ಹಿಂದಕ್ಕೆ ಚಲಿಸುವಾಗ ಹೊತ್ತುವ ದೀಪದ ತಂತಿಗೆ ಜೋಡಿಸಿದರಾಯಿತು. ಮುಂಭಾಗಕ್ಕೆ ಅಂಥ ದೀಪವಿಲ್ಲ. ಅಂಗಡಿಯಾತ ಎಂದಿನ ರೂಢಿಯಂತೆ ಬ್ರೇಕಿನ ದೀಪಕ್ಕೆ ಜೋಡಿಸಿದ. ಪೆಟ್ರೋಲು ಗಾಡಿಯಲ್ಲಿ ಇದು ಅಷ್ಟೇನೂ ಕೆಡುಕಲ್ಲ. ವಿದ್ಯುತ್ ಗಾಡಿಯಾದರೋ, ವೇಗದ ಪೆಡಲಿನಿಂದ ಕಾಲೆತ್ತಿದೊಡನೆ ಮೋಟಾರನ್ನೇ ಡೈನಮೋ ಆಗಿ ತಿರುಗಿಸಿ, ಚಲನಶಕ್ತಿಯನ್ನು ಬ್ಯಾಟರಿಗೆ ಮರಳಿಸುತ್ತ ನಿಧಾನವಾಗುತ್ತದೆ. ಈ ನಿಧಾನಿಕೆ ಸೆಕೆಂಡಿಗೆ ಸೆಕೆಂಡಿಗೆ 1.3 ಮೀಟರನ್ನು ಮೀರಿದರೆ, ಬ್ರೇಕನ್ನು ತುಳಿಯದಿದ್ದರೂ ಬ್ರೇಕಿನ ದೀಪ ಹೊತ್ತಬೇಕೆಂಬುದು ವಿಶ್ವಸಂಸ್ಥೆಯ ವಾಹನ ನಿಯಮ. ಪರಿಣಾಮವಾಗಿ ಶಿವಮೊಗ್ಗದ ಗಾಂಧಿಬಜಾರಿನಲ್ಲಿಯೂ ಬಿ.ಎಚ್. ರಸ್ತೆಯಲ್ಲಿಯೂ ಕಾಲೆತ್ತಿದಾಗಲೆಲ್ಲ ಸೂಚಕ ಎಚ್ಚತ್ತು, ಪಕ್ಕದಲ್ಲಿ ನುಸುಳುವ ಸ್ಕೂಟರು, ಆಟೋಗಳನ್ನು ಕಂಡು ಅರಚತೊಡಗಿತು. ಲಾರಿಗಳ ಗಾಳಿಬ್ರೇಕು ಬುಸುಗುಟ್ಟಿದಾಗಲೂ ಅದು ಕೂಗುತ್ತಿತ್ತು. ಆ ಬುಸುಗಿನಲ್ಲಿ ಶ್ರವಣಾತೀತ ಶಬ್ದವೂ ಧಾರಾಳವಾಗಿರುತ್ತದೆ. ಸದಾ ಸುಳ್ಳು ಕೂಗುವ ಕಾವಲುಗಾರನನ್ನು ಯಾರೂ ಲೆಕ್ಕಿಸುವುದಿಲ್ಲ. ಎರಡೇ ದಿನಗಳಲ್ಲಿ ಭಾವನವರಿಗೆ ಆ ಸದ್ದು ಕಿವಿಗೆ ಬೀಳದಂತಾಯಿತು. ಅದೇ ನಿಜವಾದ ಅಪಾಯ. ಕೊನೆಗೆ ಗಾಡಿಯನ್ನು ಚಾಲನೆಗೆ ಸಿದ್ಧಪಡಿಸಿದೊಡನೆ ತಾನಾಗಿ ಎಚ್ಚತ್ತು, ಸ್ವಲ್ಪ ಕಾಲದ ಬಳಿಕ ಆರಿಹೋಗುವಂತೆ, ಬೇಕಾದಾಗ ಗುಂಡಿಯೊತ್ತಿ ಮತ್ತೆ ಎಬ್ಬಿಸುವಂತೆ ಜೋಡಣೆಯನ್ನು ಬದಲಿಸಿದೆವು.

ಅಂಗಳದ ಪರೀಕ್ಷೆ

ಮರುಭಾನುವಾರ ಗಾಡಿಯನ್ನು ಅಲುಗದಂತೆ ನಿಲ್ಲಿಸಿ, ಅದರ ಮುಂದೆ ಬಗೆಬಗೆಯ ವಸ್ತುಗಳನ್ನಿಟ್ಟು, ಅಳತೆಪಟ್ಟಿ ಹಿಡಿದು ಪರೀಕ್ಷಿಸಿದೆವು. ಕಾಂಪೌಂಡು ಗೋಡೆಗೆ ನೇರವಾಗಿ ಮುಖಮಾಡಿದಾಗ ಸುಮಾರು ಒಂದು ಮೀಟರಿನಿಂದಲೇ ಸೂಚಕ ಕೂಗಿತು. ನುಣುಪಾದ ಹಲಗೆಯನ್ನು ಓರೆಯಾಗಿ ಹಿಡಿದಾಗ ಅದು ಮೌನವಾಯಿತು. ಇದಕ್ಕೆ ಕಾರಣ ತರಂಗಾಂತರ. 40,000 ಕಂಪನಗಳ ಶಬ್ದದ ತರಂಗಾಂತರ ಸುಮಾರು 8.6 ಮಿ.ಮೀ. ಮೇಲ್ಮೈಯ ಉಬ್ಬುತಗ್ಗುಗಳು ಇದಕ್ಕಿಂತ ಬಹಳ ಚಿಕ್ಕವಾಗಿದ್ದರೆ ಅದು ಶಬ್ದಕ್ಕೆ ಕನ್ನಡಿಯೇ ಸರಿ. ಬೆಳಕಿಗೆ ಒರಟಾಗಿ ಕಾಣುವ ಗಾರೆಯ ಗೋಡೆಯೂ ಈ ಶಬ್ದಕ್ಕೆ ನುಣುಪು. ಕನ್ನಡಿಯನ್ನು ಓರೆಮಾಡಿದರೆ ಬಿಂಬ ಬೇರೆಡೆಗೆ ಹೋಗುವಂತೆ ಪ್ರತಿಧ್ವನಿಯೂ ಬೇರೆಡೆಗೆ ಹೋಗುತ್ತದೆ.

ಬೆರಳು ಗಾತ್ರದ ಕಬ್ಬಿಣದ ಸಲಾಕೆಯನ್ನು ಅದು ತೀರ ಹತ್ತಿರ ಬಂದಾಗ ಮಾತ್ರ ಗುರುತಿಸಿತು. ಸುರುಳಿ ಸುತ್ತಿದ ಹತ್ತಿಯ ಹಾಸಿಗೆಗೆ ಗೋಡೆಗೆ ಕೊಟ್ಟ ದೂರದ ಅರ್ಧವನ್ನೂ ಕೊಡಲಿಲ್ಲ. ಶಬ್ದ ಎಳೆಗಳ ಸಂದಿನಲ್ಲಿ ನುಗ್ಗಿ ಅಲ್ಲಿಯೇ ಸವೆದುಹೋಗುತ್ತದೆ.

ಎಲ್ಲಕ್ಕಿಂತ ವಿಚಿತ್ರವಾಗಿ ವರ್ತಿಸಿದುದು 15 ಸೆಂ.ಮೀ. ಎತ್ತರದ ಕಲ್ಲು. ದೂರದಲ್ಲಿದ್ದಾಗ ಸೂಚಕ ಅದನ್ನು ಕಂಡು ಕೂಗಿತು. ಹತ್ತಿರ ತಂದಾಗ ಸುಮ್ಮನಾಯಿತು! ಲೆಕ್ಕ ಹೀಗಿದೆ: ಶಬ್ದದ ಶಂಕು ಅಡ್ಡಲಾಗಿ ಬಹಳ ಹರಡಿದರೂ ಕೆಳಮುಖವಾಗಿ ಸುಮಾರು 30 ಡಿಗ್ರಿಯಷ್ಟೇ ಹರಡುತ್ತದೆ. 50 ಸೆಂ.ಮೀ. ಎತ್ತರದಿಂದ ಅದು ಕಲ್ಲಿನ ತಲೆಯ ಮಟ್ಟಕ್ಕೆ, ಎಂದರೆ 35 ಸೆಂ.ಮೀ. ಕೆಳಕ್ಕೆ, ಇಳಿಯಲು 60 ಸೆಂ.ಮೀ. ಮುಂದೆ ಹೋಗಬೇಕು. ಅದಕ್ಕಿಂತ ಹತ್ತಿರದ ಕಲ್ಲು ಶಂಕುವಿನ ಕೆಳಗೇ ಉಳಿಯುತ್ತದೆ. ಸದ್ದು ನಿಂತಿತೆಂದರೆ ಅಡ್ಡಿ ತೊಲಗಿತೆಂದು ತಿಳಿಯುವವನು ಇಲ್ಲಿ ಮೋಸಹೋಗುತ್ತಾನೆ. ಸೂಚಕವನ್ನು ಕೆಳಕ್ಕೆ ಬಾಗಿಸೋಣವೆಂದರೆ ಜಲ್ಲಿಕಲ್ಲಿನ ನೆಲವೇ ಪ್ರತಿಧ್ವನಿಸಿ ಹುಸಿ ಕೂಗನ್ನೆಬ್ಬಿಸುತ್ತದೆ.

ಇನ್ನೊಂದು ಕುರುಡು ತೀರ ಸಮೀಪದಲ್ಲಿದೆ. ಬಾರಿಸಿದ ಗಂಟೆಯಂತೆ ಬಿಲ್ಲೆ ಕೂಗಿದ ಮೇಲೂ ಕ್ಷಣಕಾಲ ಕಂಪಿಸುತ್ತಿರುತ್ತದೆ. ಆ ಕಂಪನ ಅಡಗುವವರೆಗೆ ಅದು ಕೇಳಲಾರದು. ಸೆಕೆಂಡಿನ ಸಾವಿರದೊಂದಂಶದ ಒಂದೂವರೆಯಷ್ಟು ಹೊತ್ತು ಕಂಪಿಸಿದರೂ 26 ಸೆಂ.ಮೀ. ಒಳಗಿನ ದೂರವನ್ನು ಅಳೆಯಲಾಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಸೂಚಕದ ಮೇಲೆ ಕೂರುವ ನೀರಹನಿ, ಕೆಂಪು ಕೆಸರುಗಳೂ ಅದರ ಕಿವಿಯನ್ನು ಕೆಡಿಸುತ್ತವೆ. ಆಗಾಗ ಒದ್ದೆ ಬಟ್ಟೆಯಿಂದ ಒರೆಸುವುದೇ ಅದಕ್ಕೆ ಮದ್ದು.

ಇಷ್ಟನ್ನೂ ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಅಕ್ಕನ ಅತ್ತೆಯವರು, “ನಾನು ಕೂತರೆ ಅದಕ್ಕೆ ತಿಳಿಯುತ್ತದೆಯೇನಪ್ಪ?” ಎಂದು ಕೇಳಿದರು. ಬೇಡವೆಂದರೂ ಕೇಳದೆ ಚಾಪೆ ತರಿಸಿ ಗಾಡಿಯ ಮುಂದೆ ಕುಳಿತರು. 70 ಸೆಂ.ಮೀ. ದೂರದಲ್ಲಿ ಸೂಚಕ ಅವರನ್ನು ಗುರುತಿಸಿತು. ದಪ್ಪನೆಯ ಶಾಲು ಹೊದ್ದು ಕುಳಿತಾಗ 50 ಸೆಂ.ಮೀ. ಒಳಗೆ ಬರುವವರೆಗೆ ಗುರುತಿಸಲಿಲ್ಲ.

ಎಷ್ಟು ನಂಬಬಹುದು?

ಗಂಟೆಗೆ 5 ಕಿ.ಮೀ. ಎಂದರೆ ನಡೆಯುವ ವೇಗ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 1.4 ಮೀಟರು ಸಾಗುತ್ತದೆ. ಸದ್ದನ್ನು ಕೇಳಿ, ಗ್ರಹಿಸಿ, ಕಾಲನ್ನು ಬ್ರೇಕಿನ ಮೇಲಿಡಲು ಒಬ್ಬ ಸಾಮಾನ್ಯನಿಗೆ ಒಂದು ಸೆಕೆಂಡು ಬೇಕೆಂದಿಟ್ಟುಕೊಂಡರೆ, 70 ಸೆಂ.ಮೀ. ದೂರದಲ್ಲಿ ಕೊಟ್ಟ ಎಚ್ಚರಿಕೆ ವ್ಯರ್ಥವೇ. 2 ಕಿ.ಮೀ. ವೇಗದಲ್ಲಿ ತೆವಳಿದರೆ ಆ ಸೆಕೆಂಡಿನಲ್ಲಿ ಸಾಗುವುದು 56 ಸೆಂ.ಮೀ.; ಆಗ ಮಾತ್ರ ಕೂದಲೆಳೆಯಷ್ಟು ಅವಕಾಶ ಉಳಿಯುತ್ತದೆ. ಶಾಲು ಹೊದ್ದವರ ವಿಷಯದಲ್ಲಿ ಅದೂ ಇಲ್ಲ. ಆದ್ದರಿಂದ ಈ ಉಪಕರಣ ಗೋಡೆಯಿಂದ ಬಂಪರನ್ನು ಕಾಪಾಡುವಷ್ಟು ಚೆನ್ನಾಗಿ ಮನುಷ್ಯನನ್ನು ಕಾಪಾಡಲಾರದು. ಇದರ ನಿಜವಾದ ಉಪಯೋಗ ಗಾಡಿ ಹೊರಡುವ ಮುನ್ನ, ಚಕ್ರ ಇನ್ನೂ ಉರುಳದಿರುವಾಗ. ಆಗ ಅದು ಕೂಗಿದರೆ ಇಳಿದು ನೋಡಲು ಬೇಕಾದಷ್ಟು ಹೊತ್ತಿರುತ್ತದೆ. ಅದು ಕೂಗದಿದ್ದುದು ಮಾತ್ರ ಮುಂದೆ ಯಾರೂ ಇಲ್ಲವೆಂಬುದಕ್ಕೆ ಸಾಕ್ಷಿಯಾಗದು.

ಭಾವನವರು ಸೂಚಕಗಳನ್ನು ತೆಗೆಸಲಿಲ್ಲ. ಆದರೆ ಅಂದಿನಿಂದ ಗಾಡಿಯನ್ನೇರುವ ಮುನ್ನ ಅದರ ಸುತ್ತ ಒಂದು ಬಾರಿ ನಡೆದುಬರುತ್ತಾರೆ. ಹೊರಡುವಾಗ ಒಮ್ಮೆ ಹಾರನ್ನು ಒತ್ತುತ್ತಾರೆ. ಅವರ ತಾಯಿಯೂ ಸಂಡಿಗೆಯ ಚಾಪೆಯನ್ನು ತಾರಸಿಯ ಮೇಲಕ್ಕೆ ಸಾಗಿಸಿದ್ದಾರೆ.