ಆಡಿಷನ್ ವಿಡಿಯೊ ಕಳಿಸುವ ಮುಂಚೆ ಯಾರಿಗೆ ತೋರಿಸಬೇಕು, ಏನು ಕೇಳಬೇಕು?

ತೆಲಂಗಾಣದ ನಮ್ಮ ನಾರಾಯಣಖೇಡದ ಕಡೆ ನಾಟಕ ಕಲಿಯುವುದೆಂದರೆ ತಾಲೀಮು. ರಾತ್ರಿ ಊಟ ಮುಗಿಸಿ ಗುಡಿ ಮುಂದೆ ಸೇರುತ್ತಾರೆ. ಮಾಸ್ತರು ಪೇಟಿ ಇಟ್ಟುಕೊಂಡು ಕೂಡುತ್ತಾರೆ. ಮಾತು ತಪ್ಪಿದರೆ ಅಲ್ಲೇ ನಿಲ್ಲಿಸಿ ತಿದ್ದುತ್ತಾರೆ. ಈಗ ಹೈದರಾಬಾದಿನ ಧಾರಾವಾಹಿಯಲ್ಲೋ ಬೆಂಗಳೂರಿನ ಸಿನಿಮಾದಲ್ಲೋ ಒಂದು ಪಾರ್ಟು ಬೇಕೆಂದರೆ ಮೊದಲು ಮೊಬೈಲಿನಲ್ಲಿ ಅಭಿನಯಿಸಿ ಕಳಿಸಬೇಕು. ಇದಕ್ಕೆ ಸೆಲ್ಫ್ ಟೇಪ್ ಎನ್ನುತ್ತಾರೆ. ನಟ ಮನೆಯಲ್ಲೇ ತೆಗೆದ ಆಡಿಷನ್ ವಿಡಿಯೊ ಅದು. 2020ರ ಲಾಕ್‌ಡೌನ್ ನಂತರ ಈ ಪದ್ಧತಿ ಎಲ್ಲೆಡೆ ರೂಢಿಯಾಯಿತು. ಬಸ್ ಚಾರ್ಜು ಉಳಿಯಿತು. ತಿದ್ದುವ ಮಾಸ್ತರು ಮಾತ್ರ ಇಲ್ಲವಾದರು.

ಕೆಲಸ ನಡೆಯುವುದು ಹೀಗೆ. ಕಾಸ್ಟಿಂಗ್ ಡೈರೆಕ್ಟರ್, ಅಂದರೆ ಪಾತ್ರಕ್ಕೆ ತಕ್ಕ ನಟರನ್ನು ಹುಡುಕುವವರು, ಒಂದೆರಡು ಪುಟದ ದೃಶ್ಯ ಕಳಿಸುತ್ತಾರೆ. ನೀವು ಮೊಬೈಲನ್ನು ಅಡ್ಡಲಾಗಿ, ಕಣ್ಣಿನ ಎತ್ತರಕ್ಕೆ ನಿಲ್ಲಿಸಬೇಕು. ಎದೆಯಿಂದ ಮೇಲೆ ಕಂಡರೆ ಸಾಕು. ಬೆಳಕು ಎದುರಿನ ಕಿಟಕಿಯಿಂದ ಬರಲಿ, ಬೆನ್ನ ಹಿಂದಿನಿಂದ ಬೇಡ. ಎದುರು ಪಾತ್ರದ ಮಾತು ಓದುವವರು ಕ್ಯಾಮೆರಾದ ಪಕ್ಕದಲ್ಲೇ ನಿಲ್ಲಬೇಕು, ಅವರ ದನಿ ನಿಮ್ಮದಕ್ಕಿಂತ ಸಣ್ಣದಿರಬೇಕು. ಇಷ್ಟನ್ನು ಯಾರಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಕಷ್ಟವಿರುವುದು ಮುಂದೆ. ತೆಗೆದದ್ದು ಹೇಗಿದೆ ಎಂದು ನಮಗೆ ನಾವೇ ಹೇಳಿಕೊಳ್ಳಲಾಗುವುದಿಲ್ಲ.

ಓಣಿಯ ಹುಡುಗನೊಬ್ಬ ಒಮ್ಮೆ ನನಗೆ ತನ್ನ ವಿಡಿಯೊ ತೋರಿಸಿದ. ಹೊಲ ಮಾರಿದ ಸುದ್ದಿಯನ್ನು ಅಪ್ಪ ಮಗನಿಗೆ ಹೇಳುವ ದೃಶ್ಯ. ‘ಛಲೋ ಅದ’ ಎಂದೆ. ಅವನು ಸುಮ್ಮನೆ ನಿಂತ. ಆ ಮಾತಿನಿಂದ ಅವನ ಕೈಗೆ ಏನೂ ಸಿಕ್ಕಿರಲಿಲ್ಲ. ಮತ್ತೊಮ್ಮೆ ನೋಡಿದೆ. ಹೊಲ ಮಾರಿದೆನೆಂದು ಅಪ್ಪ ಬಾಯಿ ಬಿಡುವ ಮೊದಲೇ ಹುಡುಗನ ಹುಬ್ಬು ಗಂಟಾಗಿತ್ತು. ‘ಸುದ್ದಿ ನಿನಗ ಮೊದ್ಲೇ ಗೊತ್ತಿತ್ತು ಅನ್ನೋ ಹಂಗ ಕಾಣ್ತದ ನೋಡಪ್ಪ’ ಎಂದೆ. ಮುಖ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳಲಿಲ್ಲ. ಮುಂದಿನ ಸಲ ಅವನು ಅಪ್ಪನ ಮಾತನ್ನು ಪೂರ್ತಿ ಕೇಳಿಸಿಕೊಂಡ. ದೃಶ್ಯ ಬೇರೆಯೇ ಆಯಿತು.

ಅಭಿಪ್ರಾಯ ಹೇಳುವವರು ಮಾಡಬೇಕಾದದ್ದು ಇದೇ. ನಿಮಗೆ ಏನು ಕಂಡಿತು, ಯಾವ ಗಳಿಗೆಯಲ್ಲಿ ಕಂಡಿತು, ಅಷ್ಟನ್ನು ಹೇಳಿ. ಮಾಡಿ ತೋರಿಸಬೇಡಿ, ತೋರಿಸಿದರೆ ಹುಡುಗ ನಿಮ್ಮನ್ನೇ ನಕಲು ಮಾಡುತ್ತಾನೆ. ‘ಓವರ್ ಆಯ್ತು’ ಎಂಬ ಮಾತೂ ಸಾಲದು. ಬಯಲಲ್ಲಿ ಪಾರ್ಟು ಮಾಡಿದವರಿಗೆ ಕಟ್ಟಕಡೆಯಲ್ಲಿ ಕೂತವರಿಗೂ ಮಾತು ಮುಟ್ಟಿಸುವ ಅಭ್ಯಾಸ. ಅದು ದೋಷವಲ್ಲ, ದುಡಿದು ಗಳಿಸಿದ ವಿದ್ಯೆ. ಆದರೆ ಮೊಬೈಲು ಮೂರು ಅಡಿ ದೂರದಲ್ಲಿದೆ. ಯಾವ ಸಾಲಿನಲ್ಲಿ ದನಿ ಏರಿತು, ಎಲ್ಲಿ ಕೈ ಹೆಚ್ಚಾಯಿತು ಎಂದು ಬೆರಳಿಟ್ಟು ತೋರಿಸಿ.

ದುಃಖದ ದೃಶ್ಯವಾದರೆ ಎಲ್ಲರೂ ಕೊಡುವ ಸಲಹೆ ಒಂದೇ: ಇನ್ನಷ್ಟು ಅಳು. ನಾನು ಇದನ್ನು ಒಪ್ಪುವುದಿಲ್ಲ. ಅಳು ತಡೆದುಕೊಳ್ಳುವ ಮುಖವೇ ಹತ್ತಿರದ ಕ್ಯಾಮೆರಾದಲ್ಲಿ ಹೆಚ್ಚು ಕಾಡುತ್ತದೆ.

ಭಾಷೆಯ ವಿಷಯಕ್ಕೆ ಬನ್ನಿ. 1956ರ ರಾಜ್ಯ ವಿಂಗಡಣೆಯ ತನಕ ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ಹಾಗಾಗಿ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ದಖ್ಖನಿ ಉರ್ದು. ತೆಲುಗು ದೃಶ್ಯವಾದರೆ ತೆಲುಗು ಮನೆಮಾತಿನವರಿಗೇ ತೋರಿಸಿ. ಕನ್ನಡ ದೃಶ್ಯವಾದರೆ ಬರೆದದ್ದು ಯಾವ ಕನ್ನಡ ಎಂದು ಮೊದಲು ನೋಡಿ. ಅಲ್ಲಿ ‘ಬರ್ತಾ ಇದೀನಿ’ ಎಂದಿದ್ದು, ನಿಮ್ಮ ಬಾಯಲ್ಲಿ ‘ಬರ್ಲತ್ತೀನಿ’ ಬಂದರೆ ಅದನ್ನು ತಪ್ಪು ಎಂದು ಯಾರೂ ಹೇಳಕೂಡದು. ‘ಬರೆದದ್ದಕ್ಕಿಂತ ಬೇರೆ ಆಯ್ತು’ ಎಂದರೆ ಸಾಕು. ನಮ್ಮ ಕಡೆಯ ಮಾತು ನಡೆಯುತ್ತದೆಯೇ ಎಂದು ಕಳಿಸಿದವರನ್ನೇ ಕೇಳಿ. ಒಪ್ಪಿದರೆ ಎರಡು ರೀತಿಯಲ್ಲೂ ತೆಗೆದು ಕಳಿಸಿ.

ಕೇಳಿಸಿಕೊಳ್ಳುವವರಿಗೂ ಕೆಲಸವಿದೆ. ‘ಹೆಂಗದ?’ ಎಂದು ಕೇಳಿದರೆ ‘ಛಲೋ ಅದ’ ಎಂದೇ ಉತ್ತರ ಬರುತ್ತದೆ. ‘ಈ ಮಗನಿಗೆ ಅಪ್ಪನ ಮೇಲೆ ಸಿಟ್ಟೋ, ಮರುಕವೋ? ನಿಮಗೇನು ಕಂಡಿತು?’ ಎಂದು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಿ ವಿವರಿಸಬೇಡಿ, ಬರೆದುಕೊಳ್ಳಿ. ವಿಡಿಯೊ ನೋಡುವ ಕಾಸ್ಟಿಂಗ್‌ನವರ ಪಕ್ಕದಲ್ಲಿ ವಿವರಿಸಲು ನೀವು ಇರುವುದಿಲ್ಲ. ಬೇರೆ ಬೇರೆಯಾಗಿ ನೋಡಿದ ಇಬ್ಬರು ಒಂದೇ ಜಾಗ ತೋರಿಸಿದರೆ ಮತ್ತೆ ತೆಗೆಯಿರಿ. ಒಬ್ಬರೇ ಹೇಳಿದ್ದಾದರೆ ನಿಮ್ಮ ಮನಸ್ಸು ಒಪ್ಪಿದಂತೆ ಮಾಡಿ. ಮೂವರಿಗಿಂತ ಹೆಚ್ಚು ಜನರಿಗೆ ತೋರಿಸುವುದು ಬೇಡ, ತಲೆ ಕೆಡುತ್ತದೆ. ತೋರಿಸುವಾಗಲೂ ಮೊಬೈಲು ನಿಮ್ಮ ಕೈಯಲ್ಲೇ ಇರಲಿ. ದೃಶ್ಯ ಸಾಮಾನ್ಯವಾಗಿ ಗುಟ್ಟಿನದು. ಸ್ಟೇಟಸ್‌ಗೆ ಹಾಕಿದರೆ ಅವಕಾಶವೇ ಹೋಗಬಹುದು.

ಖರ್ಚು ಎಷ್ಟು? ಸಣ್ಣ ಟ್ರೈಪಾಡ್, ಅಂದರೆ ಮೂರು ಕಾಲಿನ ಸ್ಟ್ಯಾಂಡು, ಮತ್ತು ಅಂಗಿಗೆ ಸಿಕ್ಕಿಸುವ ಕಾಲರ್ ಮೈಕು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಸ್ಟ್ಯಾಂಡಿನ ಬದಲು ಪುಸ್ತಕಗಳ ಮೇಲೆ ಮೊಬೈಲು ಇಟ್ಟರೂ ನಡೆಯುತ್ತದೆ. ದನಿ ಒಡೆದರೆ ಮಾತ್ರ ಯಾವ ಅಭಿನಯವೂ ಉಳಿಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ, ಚಿತ್ರ ಮಸುಕಾಗುವುದಿಲ್ಲ. ಆಡಿಷನ್‌ಗೆಂದು, ಹೆಸರು ನೋಂದಾಯಿಸಲೆಂದು ಯಾರಾದರೂ ದುಡ್ಡು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ನಿಜವಾದ ಕಾಸ್ಟಿಂಗ್‌ನವರು ನಟರಿಂದ ಹಣ ಕೇಳುವುದಿಲ್ಲ.

ಪಳಗಿದ ಕಣ್ಣು ಎಲ್ಲಿ ಸಿಗುತ್ತದೆ? ಮೊದಲು ನಿಮ್ಮೂರ ನಾಟಕದ ಮಾಸ್ತರನ್ನೇ ಕೇಳಿ. ಕ್ಯಾಮೆರಾ ಗೊತ್ತಿಲ್ಲದಿದ್ದರೂ ಮಾತು ಎಲ್ಲಿ ಸುಳ್ಳಾಯಿತೆಂದು ಅವರ ಕಿವಿಗೆ ಗೊತ್ತು. ಜಹೀರಾಬಾದಿನಿಂದ ಬೀದರ್ 30 ಕಿ.ಮೀ. ಆಸುಪಾಸು, ಅಲ್ಲಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲಿ ನಾಟಕ ಇದ್ದಾಗ ಹೋಗಿ ನಟರ ಪರಿಚಯ ಮಾಡಿಕೊಳ್ಳಿ. ತಾಂಡೂರಿನವರಿಗೆ ವಾಡಿ ಮೇಲೆ ಕಲಬುರಗಿಗೆ ರೈಲಿದೆ, ಅಲ್ಲಿ ರಂಗಾಯಣವಿದೆ. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರಂಗಕಲೆಯ ವಿಭಾಗವೇ ಇದೆ. ಹೋಗುವಾಗ ವಿಡಿಯೊದ ಜೊತೆ ದೃಶ್ಯದ ಹಾಳೆಯನ್ನೂ ಒಯ್ಯಿರಿ. ಅದನ್ನು ಓದದೆ ಯಾರೂ ಸರಿಯಾಗಿ ಹೇಳಲಾರರು.