ಆಕಾಶದಲ್ಲಿ ‘ಓಕೆ’ ಅಂದ್ರೆ ಸಾಲದು

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಕಳಿಸ್ತೀರಿ. ಎರಡು ನೀಲಿ ಟಿಕ್ ಬೀಳುತ್ತೆ. ಆ ಕಡೆಯವರು ಮೆಸೇಜ್ ತೆರೆದಿದ್ದಾರೆ ಅನ್ನೋದಷ್ಟೇ ಅದರ ಅರ್ಥ. ಸರಿಯಾಗಿ ಅರ್ಥ ಮಾಡಿಕೊಂಡ್ರಾ, ಹೇಳಿದ ಹಾಗೇ ಮಾಡ್ತಾರಾ ಅನ್ನೋದನ್ನು ಆ ಟಿಕ್ ಹೇಳಲ್ಲ. ನಮ್ಮ ದಿನನಿತ್ಯದ ಬದುಕಿನಲ್ಲಿ ಇದರಿಂದಾಗುವ ನಷ್ಟ ಸಣ್ಣದು. ವಿಮಾನಯಾನದಲ್ಲಿ ಇದೇ ವ್ಯತ್ಯಾಸಕ್ಕೆ ನೂರಾರು ಜೀವಗಳು ಬಲಿಯಾಗಿವೆ.

ಏರ್ ಟ್ರಾಫಿಕ್ ಕಂಟ್ರೋಲರ್‌ಗಳ ಮೊದಲ ಕೆಲಸ ವಿಮಾನಗಳ ನಡುವೆ ಅಂತರ ಕಾಯುವುದು. ಮೇಲೆ ಕೆಳಗೆ ಹಾರುವ ಎರಡು ವಿಮಾನಗಳ ಮಧ್ಯೆ ಸಾಮಾನ್ಯವಾಗಿ 1,000 ಅಡಿ ಇರಬೇಕು. ಅಷ್ಟು ಇಲ್ಲದಿದ್ದರೆ ಅಡ್ಡಡ್ಡಲಾಗಿ ದೂರ ಬೇಕು. ರೇಡಾರ್ ಕಣ್ಗಾವಲು ಇರುವ ಕಡೆ ಅದು ಸಾಮಾನ್ಯವಾಗಿ 5 ನಾಟಿಕಲ್ ಮೈಲಿ, ಅಂದ್ರೆ ಸುಮಾರು 9 ಕಿಲೋಮೀಟರ್. ‘ಅಬ್ಬಾ, ಅಷ್ಟೊಂದಾ!’ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಗಂಟೆಗೆ 900 ಕಿಲೋಮೀಟರ್ ವೇಗದ ಎರಡು ಜೆಟ್‌ಗಳು ಎದುರುಬದುರಾಗಿ ಬಂದರೆ ಆ 9 ಕಿಲೋಮೀಟರ್ ಕರಗೋಕೆ 18 ಸೆಕೆಂಡ್ ಸಾಕು!

ಇಷ್ಟು ಕಡಿಮೆ ಸಮಯದ ಆಟವನ್ನು ಬಹುಮಟ್ಟಿಗೆ ಇವತ್ತಿಗೂ ರೇಡಿಯೋ ಮೇಲಿನ ಮಾತೇ ನಡೆಸುತ್ತೆ. ಹಾಗಾಗಿ ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಕಂಟ್ರೋಲರ್ ಎತ್ತರ ಹೇಳಿದರೆ ಪೈಲಟ್ ಬರೀ ‘ಓಕೆ’ ಅನ್ನೋ ಹಾಗಿಲ್ಲ, ಆ ಸಂಖ್ಯೆಯನ್ನು ತಿರುಗಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಅಂತಾರೆ. ಕಂಟ್ರೋಲರ್ ಅದನ್ನು ಗಮನವಿಟ್ಟು ಕೇಳಿ, ತಪ್ಪಿದ್ದರೆ ತಕ್ಷಣ ತಿದ್ದಬೇಕು. ಸಿನಿಮಾದಲ್ಲಿ ಕೇಳುವ ‘ರೋಜರ್’ ಪದಕ್ಕೂ ‘ನೀವು ಹೇಳಿದ್ದು ಕೇಳಿಸಿತು’ ಅನ್ನೋ ಅರ್ಥ ಮಾತ್ರ. ‘ಹಾಗೇ ಮಾಡ್ತೀನಿ’ ಅನ್ನೋಕೆ ‘ವಿಲ್ಕೋ’ ಅನ್ನೋ ಬೇರೆ ಪದವೇ ಇದೆ.

ರೀಡ್‌ಬ್ಯಾಕ್ ಇದ್ದರೆ ಎಲ್ಲ ಸರಿಹೋಯ್ತಾ? ಇಲ್ಲ. ಅದಕ್ಕೆ ಸಾಕ್ಷಿ ಹರಿಯಾಣದ ಚರ್ಖಿ ದಾದ್ರಿ.

1996ರ ಆ ಸಂಜೆ

1996ರ ನವೆಂಬರ್ 12. ಸೌದಿ ಅರೇಬಿಯನ್ ಏರ್‌ಲೈನ್ಸ್‌ನ ಬೋಯಿಂಗ್ 747 ದೆಹಲಿಯಿಂದ ಹೊರಟು ಮೇಲೇರುತ್ತಿತ್ತು. ಕಝಾಕಿಸ್ತಾನ್ ಏರ್‌ಲೈನ್ಸ್‌ನ ಇಲ್ಯುಷಿನ್-76 ದೆಹಲಿಗೆ ಇಳಿದು ಬರುತ್ತಿತ್ತು. ಹೊರಡುವ ಮತ್ತು ಬರುವ ವಿಮಾನಗಳಿಗೆ ಆಗ ಅಲ್ಲಿ ಇದ್ದದ್ದು ಒಂದೇ ದಾರಿ. ಹಾಗಾಗಿ ಕಂಟ್ರೋಲರ್ ಎತ್ತರದಲ್ಲಿ ಅಂತರ ಕೊಟ್ಟಿದ್ದರು. ಸೌದಿ ವಿಮಾನಕ್ಕೆ 14,000 ಅಡಿ, ಕಝಾಕ್ ವಿಮಾನಕ್ಕೆ 15,000 ಅಡಿ.

ಕಝಾಕ್ ವಿಮಾನದಿಂದ ‘15,000 ತಲುಪಿದ್ದೇವೆ’ ಎಂಬ ವರದಿಯೂ ಬಂತು. ಎದುರಿಗೆ ಸೌದಿ ವಿಮಾನ ಬರುತ್ತಿದೆ ಎಂದು ಕಂಟ್ರೋಲರ್ ಎಚ್ಚರಿಸಿದ್ದೂ ಆಯ್ತು. ಆದರೆ ಕಝಾಕ್ ವಿಮಾನ 15,000 ಅಡಿಯಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು. ದೆಹಲಿಯಲ್ಲಿ ಆಗ ಬಳಕೆಯಲ್ಲಿದ್ದ ರೇಡಾರ್ ವಿಮಾನ ಎಲ್ಲಿದೆ ಅಂತ ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಅಂತ ತೋರಿಸುತ್ತಿರಲಿಲ್ಲ. ಎತ್ತರದ ವಿಷಯದಲ್ಲಿ ಕಂಟ್ರೋಲರ್‌ಗೆ ಪೈಲಟ್‌ಗಳ ಬಾಯಿಮಾತೇ ಆಧಾರ. ಎರಡೂ ವಿಮಾನಗಳು ಡಿಕ್ಕಿ ಹೊಡೆದವು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಕಾಶದಲ್ಲಿ ನಡೆದ ಡಿಕ್ಕಿಗಳಲ್ಲಿ ಇಂದಿಗೂ ಇದೇ ಅತಿ ಭೀಕರ.

ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗ ತನಿಖೆ ನಡೆಸಿತು. ಕಝಾಕ್ ವಿಮಾನ ಅನುಮತಿ ಇಲ್ಲದೆ ಕೆಳಗಿಳಿದದ್ದೇ ಮೂಲ ಕಾರಣ ಎಂದಿತು. ಸಿಬ್ಬಂದಿಯ ಇಂಗ್ಲಿಷ್ ಸಾಲದೇ ಇದ್ದದ್ದು ಮತ್ತು ಕಾಕ್‌ಪಿಟ್ ಒಳಗಿನ ಹೊಂದಾಣಿಕೆಯ ಕೊರತೆಯನ್ನೂ ಎತ್ತಿ ಹೇಳಿತು. ಆ ವಿಮಾನದಲ್ಲಿ ಕಂಟ್ರೋಲರ್ ಜೊತೆ ಮಾತಾಡುತ್ತಿದ್ದವರು ರೇಡಿಯೋ ಆಪರೇಟರ್, ವಿಮಾನ ನಡೆಸುತ್ತಿದ್ದವರು ಪೈಲಟ್‌ಗಳು. ಎತ್ತರ ನೋಡಬೇಕಾದರೆ ರೇಡಿಯೋ ಆಪರೇಟರ್ ಪೈಲಟ್‌ಗಳ ಹಿಂದಿನಿಂದ ಬಗ್ಗಿ ಅವರ ಮೀಟರ್ ನೋಡಬೇಕಿತ್ತು. ‘ನಾವು 150ಕ್ಕೆ ಏರಬೇಕು’ ಎಂದು ಅವರು ಕೂಗಿಕೊಂಡಾಗ ಉಳಿದದ್ದು ಕೆಲವೇ ಸೆಕೆಂಡ್. 150 ಅಂದ್ರೆ ವಿಮಾನಯಾನದ ಲೆಕ್ಕದಲ್ಲಿ 15,000 ಅಡಿ.

ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥವಾಗುತ್ತೆ. ನೆಟ್‌ವರ್ಕ್‌ನಲ್ಲಿ ‘ಪ್ಯಾಕೆಟ್ ತಲುಪಿತು’ ಅಂತ ಅಕ್ನಾಲೆಡ್ಜ್‌ಮೆಂಟ್ ಬಂದ ಮಾತ್ರಕ್ಕೆ ಆ ಕಡೆಯ ಪ್ರೋಗ್ರಾಂ ಅದನ್ನು ಓದಿ ಕೆಲಸ ಮುಗಿಸಿದೆ ಅಂತಲ್ಲ. ದೆಹಲಿಗೆ ಉತ್ತರ ಕೊಟ್ಟ ಬಾಯಿ ಒಂದು, ಸ್ಟೀರಿಂಗ್ ಹಿಡಿದ ಕೈ ಇನ್ನೊಂದು. ನಡುವಿನ ಆ ಎರಡು ಹೆಜ್ಜೆಯಲ್ಲೇ ಸಂದೇಶ ಕಳೆದುಹೋಯ್ತು.

ನಮ್ಮ ಬೆಂಗಳೂರಿನಲ್ಲೂ

ಸಂದೇಶ ಕಳೆದುಹೋಗೋಕೆ ವಿದೇಶಿ ಪೈಲಟ್, ಇಂಗ್ಲಿಷ್ ಯಾವುದೂ ಬೇಕಿಲ್ಲ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಉತ್ತರದ ರನ್‌ವೇಯಿಂದ ವಿಮಾನಗಳು ಹೊರಡುತ್ತಿದ್ದವು, ದಕ್ಷಿಣದ ರನ್‌ವೇಗೆ ಬಂದು ಇಳಿಯುತ್ತಿದ್ದವು. ನಂತರ ಎರಡಕ್ಕೂ ಉತ್ತರದ ರನ್‌ವೇಯನ್ನೇ ಬಳಸುವ ತೀರ್ಮಾನವಾಯ್ತು. ಆದರೆ ಆ ತೀರ್ಮಾನ ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ತಲುಪಲಿಲ್ಲ. ಕೋಲ್ಕತ್ತಾಗೆ ಹೊರಟ ಇಂಡಿಗೋ ವಿಮಾನ ದಕ್ಷಿಣದಿಂದ, ಭುವನೇಶ್ವರಕ್ಕೆ ಹೊರಟ ಇಂಡಿಗೋ ವಿಮಾನ ಉತ್ತರದಿಂದ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮೇಲೆದ್ದವು. ಗಾಳಿಯಲ್ಲಿ ಒಂದರತ್ತ ಒಂದು ವಾಲತೊಡಗಿದವು. ರೇಡಾರ್ ಕಂಟ್ರೋಲರ್ ಗಮನಿಸಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ 400ಕ್ಕೂ ಹೆಚ್ಚು ಜನ ಉಳಿದರು. ಇಲ್ಲಿ ಯಾರೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಹೇಳಬೇಕಾದವರಿಗೆ ಹೇಳಿರಲೇ ಇಲ್ಲ, ಅಷ್ಟೇ.

ಹಾಗಾದ್ರೆ ಕಾಪಾಡೋದು ಏನು?

ಒಂದೇ ಒಂದು ಕೊಂಡಿಯನ್ನು ನಂಬದೇ ಇರೋದು. ಚರ್ಖಿ ದಾದ್ರಿ ದುರಂತದ ನಂತರ ದೆಹಲಿಯಲ್ಲಿ ಬರುವ ಹೋಗುವ ದಾರಿಗಳು ಬೇರೆಯಾದವು. ಎತ್ತರ ತೋರಿಸುವ ರೇಡಾರ್ ಬಳಕೆಗೆ ಬಂತು. ಎರಡು ವಿಮಾನಗಳು ತಾವೇ ಒಂದನ್ನೊಂದು ಗುರುತಿಸಿ ಪೈಲಟ್‌ಗೆ ‘ಏರು’ ಅಥವಾ ‘ಇಳಿ’ ಎಂದು ಹೇಳುವ ಟಿಕ್ಯಾಸ್ ವ್ಯವಸ್ಥೆ ಭಾರತದಲ್ಲಿ ಕಡ್ಡಾಯವಾಯ್ತು. ಅಂತರರಾಷ್ಟ್ರೀಯ ಹಾರಾಟಕ್ಕೆ ಪೈಲಟ್ ಮತ್ತು ಕಂಟ್ರೋಲರ್‌ಗಳ ಇಂಗ್ಲಿಷ್ ಕನಿಷ್ಠ 4ನೇ ಹಂತದಲ್ಲಿರಬೇಕು ಅನ್ನೋ ನಿಯಮ ಜಗತ್ತಿನಾದ್ಯಂತ ಬಂತು. ಈಗ ಕೆಲವು ಕಡೆ ಪೈಲಟ್ ಆಟೋಪೈಲಟ್‌ನಲ್ಲಿ ಯಾವ ಎತ್ತರ ಹಾಕಿದ್ದಾರೆ ಅನ್ನೋದೇ ಕಂಟ್ರೋಲರ್ ಪರದೆಯಲ್ಲಿ ಕಾಣುತ್ತೆ. ಬಾಯಿ ಹೇಳಿದ್ದಕ್ಕೂ ಕೈ ಮಾಡಿದ್ದಕ್ಕೂ ತಾಳೆ ನೋಡೋಕೆ ಇದಕ್ಕಿಂತ ಒಳ್ಳೆ ದಾರಿ ಬೇಕಾ?

ಮುಂದಿನ ಸಲ ವಿಮಾನ ಹತ್ತಿ, ಟೇಕಾಫ್‌ಗೆ ಕಾದು ಕಾದು ಬೇಜಾರಾದಾಗ ಇದು ನೆನಪಿರಲಿ. ಮುಂದೆ ಕೂತಿರುವ ಇಬ್ಬರಲ್ಲಿ ಒಬ್ಬರು ಆಗಷ್ಟೇ ಕೇಳಿದ ಸಂಖ್ಯೆಯನ್ನು ತಿರುಗಿ ಹೇಳುತ್ತಿರಬಹುದು. ಇನ್ನೊಬ್ಬರು ಅದು ಸರಿಯಾ ಅಂತ ನೋಡುತ್ತಿರಬಹುದು. ಕಾಯೋಣ, ಪರವಾಗಿಲ್ಲ.