ಬೋಳುಗುಡ್ಡ ಬೋಳಲ್ಲ

ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಾನೊಂದು ತಪ್ಪು ಮಾಡಿದೆ. ಆಗ ಅದು ಪುಣ್ಯಕಾರ್ಯವೆನಿಸಿತ್ತು. ವನಮಹೋತ್ಸವದ ವಾರದಲ್ಲಿ ಮೇಷ್ಟರು ನಮ್ಮನ್ನೆಲ್ಲ ಊರಾಚೆಯ ಹುಲ್ಲುಗುಡ್ಡಕ್ಕೆ ಕರೆದೊಯ್ದರು. ಸುರಿಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಅಕೇಶಿಯಾ ಸಸಿಗಳನ್ನು ಸಾಲುಸಾಲಾಗಿ ನೆಟ್ಟೆವು. ಬೋಳುಗುಡ್ಡಕ್ಕೆ ಹಸಿರುಡಿಸಿದೆವೆಂಬ ಹೆಮ್ಮೆಯಿಂದ ಮನೆಗೆ ಮರಳಿದೆವು. ಗುಡ್ಡ ಅದಾಗಲೇ ಹಸಿರಾಗಿತ್ತು ಎಂಬುದು ನಮ್ಮಲ್ಲೊಬ್ಬನಿಗೂ ಹೊಳೆಯಲಿಲ್ಲ.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಂಥ ಗುಡ್ಡಗಳನ್ನು ಕುರಿತು. ಅವುಗಳ ಚೆಲುವನ್ನು ಮನದಣಿಯೆ ನೋಡಬೇಕೆಂದರೆ ಕುದುರೆಮುಖಕ್ಕೆ ಹೋಗಬೇಕು. ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್ ಎತ್ತರದ ಆ ಶಿಖರವನ್ನೇರುವ ಹಾದಿ ಮುಳ್ಳೋಡಿಯ ಕಡೆಯಿಂದ ಹೊರಡುತ್ತದೆ. ಮೊದಲು ಹಳ್ಳ, ನೆರಳು, ಜಿಗಣೆ. ಅನಂತರ ಒಮ್ಮೆಗೇ ಬಯಲು. ದಾರಿಯಲ್ಲಿ ‘ಒಂಟಿಮರ’ ಎಂಬುದೊಂದು ಸ್ಥಳವಿದೆ. ಮರವೊಂದು ನಿಂತಿರುವುದೇ ಸ್ಥಳದ ಹೆಸರಾಗಬೇಕಾದರೆ ಸುತ್ತಲಿನ ಹುಲ್ಲಿನ ಸಾಮ್ರಾಜ್ಯ ಎಷ್ಟು ವಿಶಾಲವಾಗಿರಬೇಕು! ಅಲ್ಲಿ ನಿಂತು ಕೆಳಗೆ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಬೆಟ್ಟದ ಬೆನ್ನಿನ ಮೇಲೆಲ್ಲ ಹುಲ್ಲು; ಎರಡು ಬೆಟ್ಟಗಳ ನಡುವಿನ ಮಡಿಲಿನಲ್ಲಿ ಮಾತ್ರ ಕಪ್ಪುಹಸಿರಿನ ದಟ್ಟ ಕಾಡು. ಅಂಥ ಕಾಡನ್ನು ವಿಜ್ಞಾನಿಗಳು ತಮಿಳಿನಿಂದ ಬಂದ ಹೆಸರಿನಲ್ಲಿ ಶೋಲಾ ಎನ್ನುತ್ತಾರೆ. ಕಾಡಿಗೂ ಹುಲ್ಲಿಗೂ ನಡುವೆ ಯಾರೋ ಗೆರೆ ಕೊರೆದಂತಿರುತ್ತದೆ.

ಈ ಗೆರೆಯನ್ನು ಎಳೆದವರು ಯಾರು? ನೋಡಿದವರೆಲ್ಲ ಮೊದಲು ಹೇಳುವ ಉತ್ತರ ಒಂದೇ: ಮನುಷ್ಯ ಕಾಡು ಕಡಿದ, ಹುಲ್ಲು ಬೆಳೆಯಿತು. ನಾವು ಸಸಿ ನೆಟ್ಟದ್ದೂ ಈ ನಂಬಿಕೆಯಿಂದಲೇ. ಆದರೆ ನೀಲಗಿರಿಯ ಜೌಗುನೆಲ ಬೇರೊಂದು ಕಥೆಯನ್ನು ಹೇಳಿದೆ. ಅಲ್ಲಿಯೂ ಇಂಥವೇ ಹುಲ್ಲುಗಾವಲುಗಳೂ ಶೋಲಾಗಳೂ ಇವೆ. ಸತ್ತ ಗಿಡಗಳು ಪೂರ್ತಿ ಕೊಳೆಯದೆ ಪದರಪದರವಾಗಿ ಕೂತ ಅಲ್ಲಿನ ಕಪ್ಪು ಕೆಸರನ್ನು ವಿಜ್ಞಾನಿ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು ಪರೀಕ್ಷಿಸಿ, 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬಿಸಿಲುನಾಡಿನ ಹುಲ್ಲು ಇಂಗಾಲವನ್ನು ಹಿಡಿಯುವ ರೀತಿ ಒಂದು, ಮರದ ರೀತಿ ಇನ್ನೊಂದು. ಕೆಸರಿನಲ್ಲಿ ಉಳಿದ ಇಂಗಾಲದ ಗುರುತಿನಿಂದ ಯಾವ ಕಾಲದಲ್ಲಿ ಯಾವುದು ಹೆಚ್ಚಿತ್ತೆಂದು ತಿಳಿಯಬಹುದು. ಆ ಲೆಕ್ಕದಲ್ಲಿ ಸುಮಾರು 20,000 ವರ್ಷಗಳ ಹಿಂದೆಯೇ ಅಲ್ಲಿ ಹುಲ್ಲು ಹಬ್ಬಿತ್ತು. ಹವೆ ಬದಲಾದಂತೆ ಕಾಡು ಮುಂದೊತ್ತಿದೆ, ಹಿಂಜರಿದಿದೆ. ಹುಲ್ಲು ಅಲ್ಲಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಬೇಸಾಯಗಾರನ ಕೊಡಲಿಗಿಂತ ಹಳಬ.

ಪಶ್ಚಿಮ ಘಟ್ಟದ ಪ್ರತಿಯೊಂದು ಗುಡ್ಡಕ್ಕೂ ಇದೇ ಚರಿತ್ರೆಯೆಂದು ಹೇಳಲಾಗದು. ಮನುಷ್ಯ ಹಚ್ಚಿದ ಬೆಂಕಿ, ದನಗಳ ಮೇವು ಕೆಲವೆಡೆ ಹುಲ್ಲಿಗೆ ನೆರವಾಗಿವೆ. ಆದರೂ ಪ್ರಕೃತಿಯ ಕೈವಾಡ ದೊಡ್ಡದು. ನೀಲಗಿರಿಯಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟಿ ಬಯಲಿಗೆ ಬಂದ ಎಳೆಸಸಿಯನ್ನು ಸುಟ್ಟುಹಾಕುತ್ತದೆ. ಬೆಟ್ಟದ ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಬಿರುಸು. ಶೋಲಾ ಮರಗಳ ಮರಿಗಳು ನೆರಳಿನ ಮಡಿಲಲ್ಲಿ ಬೆಳೆಯುವ ಸುಕುಮಾರರು. ಹುಲ್ಲಾದರೋ ತನ್ನ ಜೀವವನ್ನು ಬೇರಿನಲ್ಲಿ ಅಡಗಿಸಿಟ್ಟಿದೆ. ಮೇಯ್ದರೂ ಸುಟ್ಟರೂ ಮೊದಲ ಮಳೆಗೆ ಚಿಗುರುತ್ತದೆ.

ಹುಲ್ಲೂ ಕಾಡೂ ದಾಯಾದಿಗಳಲ್ಲ, ಒಂದೇ ಮನೆಯ ಎರಡು ಕೋಣೆಗಳು. ಕಾಟಿಯೂ ಕಡವೆಯೂ ಹುಲ್ಲಿನಲ್ಲಿ ಮೇಯ್ದು ಕಾಡಿನಲ್ಲಿ ಮರೆಯಾಗುತ್ತವೆ. ಸಿಂಗಳೀಕ ಕಾಡಿನ ಮೇಲ್ಚಾವಣಿಯನ್ನು ನಂಬಿದ ಪ್ರಾಣಿ. ಕೊಂಬೆಯಿಂದ ಕೊಂಬೆಗೆ ದಾರಿ ತಪ್ಪಿದರೆ ಅದರ ಬಾಳೇ ತಪ್ಪಿತು. ಬಾಲವನ್ನು ಬೀಸಣಿಗೆಯಂತೆ ಅರಳಿಸುವ ಕಂದುಬಣ್ಣದ ಪುಟ್ಟ ಹಕ್ಕಿಯೊಂದು ಎತ್ತರದ ಹುಲ್ಲನ್ನೇ ನಂಬಿದೆ. ಮಳೆಯನ್ನು ಹುಲ್ಲಿನ ಬೇರುಗಳ ಹೆಣಿಗೆ ತಡೆದು ನೆಲಕ್ಕಿಳಿಸುತ್ತದೆ. ಮಡಿಲಿನ ಕಾಡು ಅದನ್ನು ಹಳ್ಳವಾಗಿ ಹರಿಯಬಿಡುತ್ತದೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಸೀಮೆ ಇದೇ ಎಂಬುದನ್ನು ನೆನೆಯಬೇಕು.

ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮೊದಲೇ ಆರಂಭವಾಗಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ಯಂತ್ರಗಳು ನಿಂತವು, ಈಗ ಬರುತ್ತಿರುವವು ಕಾಲುಗಳು. ಬೆಟ್ಟವೇರುವ ಸುಖ ನನಗೂ ಪ್ರಿಯ, ಹಾಗಾಗಿ ಯಾರಿಗೂ ಬೇಡವೆನ್ನಲಾರೆ. ಆದರೆ ಕಾಲುದಾರಿಯಲ್ಲಿ ಕೆಸರಿದೆಯೆಂದು ಒಬ್ಬ ಬದಿಯ ಹುಲ್ಲನ್ನು ತುಳಿಯುತ್ತಾನೆ, ಹಿಂದಿನವನು ಇನ್ನಷ್ಟು ಬದಿಗೆ ಸರಿಯುತ್ತಾನೆ. ಬೇರು ಸಾಯುತ್ತದೆ, ಮಳೆಗಾಲದ ನೀರು ಅಲ್ಲಿ ಧುಮುಕಿ ಕೊರಕಲು ತೋಡುತ್ತದೆ. ಆದ್ದರಿಂದ ನನ್ನ ಬಿನ್ನಹ ಇಷ್ಟೇ: ಒಬ್ಬರ ಹಿಂದೊಬ್ಬರಾಗಿ ನಡೆಯಿರಿ, ಕೆಸರಾದರೆ ಕೆಸರಿನಲ್ಲೇ ನಡೆಯಿರಿ. ಬೂಟು ತೊಳೆದರೆ ಹೋಗುತ್ತದೆ. ಹೋದ ಹುಲ್ಲು ತಿರುಗಿ ಬರುವುದು ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ನಾವು ಸಸಿ ನೆಟ್ಟ ಗುಡ್ಡಕ್ಕೆ ಹೋಗಿದ್ದೆ. ಸಾಲುಮರಗಳು ಬಲಿತು ನಿಂತಿದ್ದವು. ಅವುಗಳಡಿಯಲ್ಲಿ ಒಣಗಿದ ಎಲೆಗಳ ಗಟ್ಟಿ ಹಾಸು. ಹುಲ್ಲಿನ ಒಂದೆಳೆಯೂ ಇರಲಿಲ್ಲ. ಬಾಲ್ಯದಲ್ಲಿ ಅಲ್ಲಿ ನೆಲದಿಂದ ಚಿಮ್ಮಿ ಹಾಡುತ್ತ ಮೇಲೇರುತ್ತಿದ್ದ ಬಾನಾಡಿಗಾಗಿ ಬಹಳ ಹೊತ್ತು ಕಿವಿಗೊಟ್ಟು ಕುಳಿತೆ. ಬಿಸಿಲೇರಿತು, ಹಾಡು ಕೇಳಲಿಲ್ಲ. ಇಳಿದು ಬರುವಾಗ ಅಂಚಿನ ಇಳಿಜಾರಿನಲ್ಲಿ ಗುಂಡಿ ತೋಡದೆ ಉಳಿದಿದ್ದ ಅಂಗೈಯಗಲದ ಹುಲ್ಲುನೆಲ ಕಂಡಿತು. ಅದನ್ನು ತುಳಿಯದೆ, ಬಳಸಿಕೊಂಡು ಬಂದೆ.

(ಬಾನುಲಿ ಭಾಷಣ)